ಬಣ್ಣ ಹೋಗದ ಕೆಂಪು ಕಟ್ಟು

"ಒಡೀಲಾ ಸ್ವಾಮಿ?" ಎಂದು ಕೇಳಿದ ದಫೇದಾರ ಅಡವಯ್ಯ, ಬಾಗಿಲ ಮೇಲಿನ ಅರಗಿನ ಮುದ್ರೆಗೆ ಚಾಕುವಿನ ತುದಿ ಆನಿಸಿಕೊಂಡು.

ಬೇಡಪ್ಪ ಎನ್ನುವ ಮಾತು ಮರುಳಸಿದ್ದಯ್ಯನ ನಾಲಿಗೆಯ ತುದಿಗೆ ಬಂದಿತ್ತು. ಹಳೆಯ ಪುಸ್ತಕ ಕಂಡರೆ ಊಟ ನಿದ್ದೆ ಮರೆಯುವ ಆಸಾಮಿ ಅವನು. ಆದರೆ ಸತ್ತವರ ಕೋಣೆ ಎಂದರೆ ಕೈಕಾಲು ತಣ್ಣಗಾಗುತ್ತಿದ್ದವು. ಮೈಸೂರಿನ ಸರ್ಕಾರಿ ಗ್ರಂಥಭಂಡಾರದಲ್ಲಿ ಜೊತೆಯ ಗುಮಾಸ್ತರು ಬೆನ್ನ ಹಿಂದೆ ಅವನನ್ನು ಪುಕ್ಕಲಯ್ಯ ಎನ್ನುತ್ತಿದ್ದರು. ಅದು ಅವನಿಗೂ ಗೊತ್ತಿತ್ತು, ಅಲ್ಲವೆನ್ನುವ ಧೈರ್ಯವಿರಲಿಲ್ಲ.

"ಒಡಿ," ಎಂದ.

ಅರಗು ಚೂರಾಗಿ ಹೊಸ್ತಿಲ ಮೇಲೆ ಬಿತ್ತು. ಬಾಗಿಲು ತೆರೆದದ್ದೇ ತಡ, ಸುಟ್ಟ ಗಂಧಕದ ವಾಸನೆ ಗಂಟಲಿಗೆ ಅಡರಿತು. ಹೋದ ಸೋಮವಾರ ಬೆಳಗ್ಗೆ ಈ ಮನೆಯ ಯಜಮಾನರಾದ ಪರ್ವತಯ್ಯನವರು ಇದೇ ಕೋಣೆಯಲ್ಲಿ ಹೆಣವಾಗಿ ಸಿಕ್ಕಿದ್ದರು. ಒಳಗೆ ಗಂಧಕದ ಹೊಗೆ, ಹೊರಗೆ ಚಿಲಕ.

ಪುಸ್ತಕದ ಹುಳ ಕೊಲ್ಲಲು ಹೊಗೆ ಹಾಕಿಕೊಂಡು ಸತ್ತರೆಂದು ಮೊದಮೊದಲು ಬೀದಿಯ ಜನ ಅಂದರು. ಹೊರಗಿನ ಚಿಲಕ ಆ ಮಾತನ್ನು ಸುಳ್ಳು ಮಾಡಿತು. ಮಗ ಶಂಕರಲಿಂಗಪ್ಪ ಹಿಂದಿನ ವಾರವಷ್ಟೇ ಎತ್ತಿನ ಕಜ್ಜಿಗೆಂದು ಪೇಟೆಯಲ್ಲಿ ಗಂಧಕ ಕೊಂಡಿದ್ದ. ಅಪ್ಪನೊಂದಿಗೆ ಜಗಳವನ್ನೂ ಆಡಿದ್ದ. ಇನ್ನೇನು ಬೇಕು? ಅವನೀಗ ಮಧುಗಿರಿ ಠಾಣೆಯ ಲಾಕಪ್ಪಿನಲ್ಲಿದ್ದ. ನಾಳೆ ಬೆಳಗಿನ ಬಸ್ಸಿಗೆ ಅವನನ್ನು ತುಮಕೂರಿಗೆ ಸಾಗಿಸುವುದೆಂದು ತೀರ್ಮಾನವಾಗಿತ್ತು. ತುಮಕೂರಿಗೆ ಹೋದರೆ ಕೋರ್ಟು, ಕೋರ್ಟಿಗೆ ಹೋದರೆ ನೇಣು. ಕೋಟೆ ಬೀದಿಯ ಜಗಲಿಗಳ ಮೇಲೆ ಲೆಕ್ಕ ಹೀಗೇ ನಡೆದಿತ್ತು.

ಅವನನ್ನು ಉಳಿಸಲು ಮರುಳಸಿದ್ದಯ್ಯನ ಕೈಯಲ್ಲಿ ಈ ಒಂದು ಮಧ್ಯಾಹ್ನವಿತ್ತು. ಅದೂ ಕಳ್ಳತನದಲ್ಲಿ. "ಪುಸ್ತಕಗಳಿಗೆ ಏನು ಹಾನಿಯಾಗಿದೆ ನೋಡಿ, ಅಷ್ಟೇ. ಪತ್ತೇದಾರಿಕೆ ನಿಮ್ಮ ಇಲಾಖೆಯದಲ್ಲ," ಎಂದು ಸಬ್‌ಇನ್‌ಸ್ಪೆಕ್ಟರು ಮೊದಲೇ ಕಟ್ಟಪ್ಪಣೆ ಮಾಡಿದ್ದರು.

"ಬಾಗಿಲ ಒಳಮೈ ಮಾತ್ರ ನೋಡಬ್ಯಾಡಿ ಸ್ವಾಮಿ," ಎಂದ ಅಡವಯ್ಯ.

ನೋಡಬೇಡಿ ಎಂದ ಮೇಲೆ ಕಣ್ಣು ಅಲ್ಲಿಗೇ ಹೋಯಿತು. ಹಲಗೆಯ ಮೇಲೆ ಎದೆಯ ಎತ್ತರದಿಂದ ಕೆಳಗಿನವರೆಗೂ ಉಗುರಿನ ಗೀರುಗಳು. ಕೆಳಕೆಳಕ್ಕೆ ಬಂದಂತೆ ತೆಳುವಾಗಿದ್ದವು. ಕೊಳಾಲದಿಂದ ಮಧುಗಿರಿಗೆ ಓದಲು ಬಂದ ಅವನನ್ನು ಈ ಮನೆಯಲ್ಲಿಟ್ಟುಕೊಂಡು, ಅನ್ನ ಹಾಕಿ, ಹಳೆಯ ಹಾಳೆಯನ್ನು ಹರಿಯದಂತೆ ತಿರುವುವುದು ಹೇಗೆಂದು ಬೆರಳು ಹಿಡಿದು ಕಲಿಸಿದ ಕೈಗಳವು.

ಗ್ರಂಥದ ಕೋಣೆಗೆ ಕಿಟಕಿಯಿಲ್ಲ. ಸೂರಿನ ಹತ್ತಿರ ಒಂದು ಗವಾಕ್ಷಿಯಿತ್ತು. ಅದಕ್ಕೂ ಯಾರೋ ಗೋಣಿಚೀಲ ತುರುಕಿದ್ದರು. ದೀಪ ತರುವಂತಿರಲಿಲ್ಲ. ಬೆಂಕಿಯ ಕಿಡಿಯೊಂದೂ ಈ ಹೊಸ್ತಿಲು ದಾಟಕೂಡದೆಂಬುದು ಪರ್ವತಯ್ಯನವರ ಕಟ್ಟಳೆ. ಒಳಗೆ ಓದಬೇಕಾದರೆ ಅಂಗಳದ ಬಿಸಿಲಿಗೆ ದೊಡ್ಡ ಕನ್ನಡಿ ಹಿಡಿದು ಬೆಳಕನ್ನು ಒಳಕ್ಕೆ ತಿರುಗಿಸುತ್ತಿದ್ದರು. ಮರುಳಸಿದ್ದಯ್ಯ ಎಷ್ಟೋ ಮಧ್ಯಾಹ್ನ ಆ ಕನ್ನಡಿ ಹಿಡಿದು ನಿಂತವನು. ಇಂದು ಅದನ್ನು ಅಡವಯ್ಯನ ಕೈಗೆ ಕೊಟ್ಟು ಅಂಗಳದಲ್ಲಿ ನಿಲ್ಲಿಸಿದ.

"ಅಲುಗಾಡಿಸಬೇಡ ಮಾರಾಯ."

"ಕೈ ನೋಯ್ತದೆ, ಬಿರ್ರನೆ ಮುಗಿಸಿ ಸ್ವಾಮಿ."

ಬೆಳಕಿನ ಚೌಕವೊಂದು ನಡುಗುತ್ತ ಗೋಡೆ ಹತ್ತಿತು. ಮೂಲೆಯಲ್ಲಿ ಉರುಳಿದ್ದ ಅಗ್ಗಿಷ್ಟಿಕೆ. ಅದರ ಪಕ್ಕ ಸರಸ್ವತಿಯ ಪಟ. ಪಟಕ್ಕೆ ಹಾಕಿದ್ದ ದಾಸವಾಳದ ಹಾರ ಒಣಗಿತ್ತು, ಅದು ಸಹಜ. ಆದರೆ ಒಣಗಿದ ದಾಸವಾಳ ಕಪ್ಪಾಗಬೇಕು. ಇದು ಬಿಳುಚಿಕೊಂಡಿತ್ತು, ರಕ್ತ ಬಸಿದು ತೆಗೆದ ಹಾಗೆ.

ಮರುಳಸಿದ್ದಯ್ಯ ಅದನ್ನೇ ನೋಡುತ್ತ ನಿಂತ. ಮೈಸೂರಿನಲ್ಲಿ ಅವನ ಬಾಡಿಗೆ ಮನೆಯ ಪಕ್ಕದಲ್ಲಿ ರೇಷ್ಮೆ ಕೆಲಸದವರಿದ್ದರು. ಹೊಸ ರೇಷ್ಮೆ ಬೆಳ್ಳಗಾಗಲೆಂದು ಪೆಟ್ಟಿಗೆಯಲ್ಲಿ ಗಂಧಕದ ಹೊಗೆ ಹಾಕುತ್ತಿದ್ದರು. ಹೊಗೆ ತಗುಲಿದರೆ ಹೂವಿನ ಬಣ್ಣವೂ ಹೋಗುತ್ತದೆ, ಬಟ್ಟೆಯ ಬಣ್ಣವೂ ಹೋಗುತ್ತದೆ.

ಅವನು ಹಲಗೆಗಳ ಕಡೆ ತಿರುಗಿದ.

ಈ ಮನೆಯ ಪುಸ್ತಕಗಳಿಗೆಲ್ಲ ಕೆಂಪು ಬಟ್ಟೆಯ ಹೊದಿಕೆ. ಪರ್ವತಯ್ಯನವರ ಹೆಂಡತಿ ಕರಿಬಸಮ್ಮ ಕುಸುಬೆ ಹೂವಿನ ಬಣ್ಣದಲ್ಲಿ ಅದ್ದಿ ಒಣಗಿಸಿದ ಬಟ್ಟೆ. ಓಲೆಗರಿ ಕಟ್ಟುಗಳು, ಹಳೆಯ ಅಚ್ಚಿನ ಪುಸ್ತಕಗಳು, ಎಲ್ಲವೂ ಒಂದೇ ಉಡುಪಿನಲ್ಲಿ ಸಾಲಾಗಿ ಕೂತಿರುತ್ತಿದ್ದವು. ಇಂದು ಎಲ್ಲದರ ಮೈ ಸೊರಗಿತ್ತು. ಕೆಂಪು ಹೋಗಿ ಹಳೆಯ ಸುಣ್ಣದ ಗೋಡೆಯ ಬಣ್ಣ ಬಂದಿತ್ತು. ಒಂದರ ಮಡಿಕೆ ಬಿಚ್ಚಿ ನೋಡಿದ. ಹೊಗೆ ತಾಗದ ಒಳಮಡಿಕೆಯಲ್ಲಿ ಬಣ್ಣ ಹಾಗೆಯೇ ಇತ್ತು.

"ಅಡವಯ್ಯ, ಇನ್ನೊಂಚೂರು ಬಲಕ್ಕೆ."

ಬೆಳಕು ಬಲಕ್ಕೆ ಸರಿಯಿತು.

ನಡುವಿನ ಹಲಗೆಯ ಮೇಲೆ, ಬಿಳುಚಿಕೊಂಡ ಕಟ್ಟುಗಳ ಮಧ್ಯೆ, ಒಂದೇ ಒಂದು ಕಟ್ಟು ಹಸಿ ಕೆಂಪಾಗಿ ಕೂತಿತ್ತು.

ಅವನು ಅದನ್ನು ಮುಟ್ಟಲು ಹೆದರಿದ. ಆಮೇಲೆ ಎರಡೂ ಕೈಯಿಂದ ಎತ್ತಿಕೊಂಡ. ದಾರವನ್ನು ಗಂಟು ಹಾಕದೆ ಸುತ್ತಿ, ತುದಿಯನ್ನು ಸುತ್ತಿನ ಅಡಿಗೆ ಸಿಕ್ಕಿಸಿದ್ದರು. ಅದು ಈ ಮನೆಯ ರೀತಿ. ಗಂಟು ಬಿಗಿದರೆ ರಟ್ಟಿಗೂ ಹಾಳೆಗೂ ಗುರುತು ಬೀಳುತ್ತದೆಂದು ಪರ್ವತಯ್ಯನವರು ಗಂಟು ಕಂಡರೆ ಸಿಡಿದೇಳುತ್ತಿದ್ದರು. ಬಟ್ಟೆ ಬಿಚ್ಚುವಾಗ ಮಡಿಕೆಯಿಂದ ನಾಲ್ಕಾರು ರಾಗಿಕಾಳು ನೆಲಕ್ಕೆ ಉದುರಿದವು. ಅವನು ಅದನ್ನು ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ.

ಒಳಗಿದ್ದುದು ಪಟದ ಪುಸ್ತಕ.

ಮುಖಪುಟ ಕಳೆದುಹೋಗಿ ಹೆಸರೇ ಉಳಿಯದ ಆ ಕಲ್ಲಚ್ಚಿನ ಪುಸ್ತಕವನ್ನು ಮನೆಯವರು ಹಾಗೆ ಕರೆಯುತ್ತಿದ್ದರು. ಪುಟಪುಟಕ್ಕೂ ಕಲ್ಲಿನ ಮೇಲೆ ಬರೆದು ಅಚ್ಚೊತ್ತಿದ ಚಿತ್ರಗಳು. ಇದರ ಇನ್ನೊಂದು ಪ್ರತಿಯನ್ನು ಮರುಳಸಿದ್ದಯ್ಯ ಮೈಸೂರಿನಲ್ಲೂ ಕಂಡಿರಲಿಲ್ಲ, ಮದರಾಸಿನಲ್ಲೂ ಕಂಡಿರಲಿಲ್ಲ. ಅಂಗೈಯನ್ನು ಹಾಳೆಯ ಅಡಿಗೆ ಕೊಟ್ಟು ಒಂದೊಂದಾಗಿ ತಿರುವಿದ. ಮೂಲೆಯಲ್ಲಿ ಹುಳ ಕೊರೆದ ತೂತು ಮೊದಲ ಹಾಳೆಯಿಂದ ಕೊನೆಯ ಹಾಳೆಯವರೆಗೂ ಒಂದೇ ಸಮ ಇಳಿದಿತ್ತು. ಒಂದು ಹಾಳೆಯೂ ಹೋಗಿಲ್ಲ, ಒಂದನ್ನೂ ಹೊಸದಾಗಿ ಸೇರಿಸಿಲ್ಲ. ಅಪ್ಪಟ ಅದೇ ಪುಸ್ತಕ.

ಅಂದ ಮೇಲೆ ಹೊಗೆ ತುಂಬಿದ್ದಾಗ ಈ ಪುಸ್ತಕ ಕೋಣೆಯಲ್ಲಿರಲಿಲ್ಲ. ಬಾಗಿಲು ತೆಗೆದು ಹೊಗೆ ಹೋದ ಮೇಲೆ, ಪೊಲೀಸರು ಮುದ್ರೆ ಹಾಕುವ ಮೊದಲು, ಯಾರೋ ಇದನ್ನು ತಂದಿಟ್ಟಿದ್ದಾರೆ.

ಅವನಿಗೆ ಕೂಗಿಕೊಳ್ಳಬೇಕೆನಿಸಿತು. ಶಂಕರಲಿಂಗಪ್ಪ ಹಿಂದಿನ ಸಂಜೆಯೇ ಎತ್ತು ಮಾರಲು ಬಡವನಹಳ್ಳಿ ಸಂತೆಗೆ ಹೋಗಿದ್ದ. ಪೊಲೀಸರು ಅವನನ್ನು ಸಂತೆಯಲ್ಲೇ ಹಿಡಿದು ನೇರ ಠಾಣೆಗೆ ಒಯ್ದಿದ್ದರು. ಹೊಗೆ ಹೋದ ಮೇಲೆ ಅವನು ಈ ಮನೆಗೆ ಕಾಲಿಟ್ಟೇ ಇಲ್ಲ. ಪುಸ್ತಕ ಕದ್ದುಕೊಂಡಿದ್ದವನು ಬೇರೆ, ಹಾಗಾದರೆ ಕೊಂದವನೂ ಬೇರೆ!

"ಅಮ್ಮಾ! ಇಲ್ಲಿ ಬನ್ನಿ ಅಮ್ಮಾ!"

ಕರಿಬಸಮ್ಮ ಅಡುಗೆಮನೆಯಿಂದ ಬಂದು ಹೊಸ್ತಿಲಾಚೆ ನಿಂತರು. ಒಂದು ವಾರದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದರು. ಅವನು ಉಸಿರು ಕಟ್ಟಿಕೊಂಡು ಎಲ್ಲವನ್ನೂ ಹೇಳಿದ. ಅವರ ಕಣ್ಣು ಅವನ ಮುಖದ ಮೇಲಿರಲಿಲ್ಲ, ಕೆಂಪು ಬಟ್ಟೆಯ ಮೇಲಿತ್ತು.

"ಅದ ಎಲ್ಲಿತ್ತೋ ಅಲ್ಲೇ ಮಡುಗು ಸಿದ್ದ," ಎಂದರು.

"ಅಮ್ಮ?"

"ಮಡುಗು. ಬಾಗ್ಲು ಹಾಕ್ಸು. ಅರಗಿನ ಮುದ್ರೆ ಒತ್ತಿಸು. ಯಾರ್ಗೂ ಯೋಳ್ಬ್ಯಾಡ."

"ನಿಮ್ಮ ಮಗನ ಮೇಲಿನ ಆರೋಪ ಇದರಿಂದ ಹೋಗ್ತದೆ ಅಂತ ಹೇಳ್ತಿದ್ದೀನಿ! ನಾಳೆ ತುಮಕೂರಿಗೆ..."

"ನನ್ ಮಗ ಎಲ್ಲವ್ನೋ ಅಲ್ಲೇ ಚೆನ್ನಾಗವ್ನೆ."

ಇಷ್ಟು ಹೇಳಿ ಅವರು ಒಳಗೆ ಹೋದರು. ಮರುಳಸಿದ್ದಯ್ಯ ಅವರು ಹೋದ ದಾರಿಯನ್ನೇ ನೋಡಿದ. ಹೆತ್ತ ತಾಯಿ ಆಡುವ ಮಾತೇ ಇದು? ಮಗ ಗಂಧಕ ಕೊಂಡದ್ದನ್ನು ಪೊಲೀಸರಿಗೆ ಹೇಳಿದವರೂ ಇವರೇ. ಅಪ್ಪ ಮಗ ಜಗಳವಾಡಿದ್ದನ್ನು ಹೇಳಿದವರೂ ಇವರೇ. ದುಃಖದಲ್ಲಿ ಬುದ್ಧಿ ನೆಟ್ಟಗಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ.

ಆಗಲೇ ಬೀದಿಯ ಕೊನೆಯಿಂದ ಮೋಟಾರಿನ ಹಾರನ್ನು ಕೇಳಿಸಿತು. ಯುದ್ಧದ ಕಾಲ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಆ ಕಾರಿನ ಗುರುಗುರು ಸದ್ದು ಊರಿಗೆಲ್ಲ ಪರಿಚಿತ. ಪಾವಗಡದ ಕಡಲೆಕಾಯಿ ವ್ಯಾಪಾರಿ, ಮಾತಿನಲ್ಲಿ ತೆಲುಗು ಬೆರೆಸುವ ಚನ್ನಮಲ್ಲಯ್ಯನವರದು. ಪರ್ವತಯ್ಯನವರ ಹಳೆಯ ಗೆಳೆಯ, ಪುಸ್ತಕಪ್ರೇಮಿ. ಮೈಸೂರಿಗೆ ತಂತಿ ಕೊಟ್ಟು ಮರುಳಸಿದ್ದಯ್ಯನನ್ನು ಕರೆಸಿದವರೂ ಅವರೇ, ಈ ಊರಿನ ತಮ್ಮ ಮಂಡಿಯ ಮಹಡಿಯಲ್ಲಿ ಇಳಿಸಿಕೊಂಡವರೂ ಅವರೇ.

"ಸಾವ್ಕಾರ್ರು ಬಂದ್ರು!" ಎಂದು ಅಡವಯ್ಯ ಕನ್ನಡಿಯನ್ನು ಗೋಡೆಗೆ ಒರಗಿಸಿ ಸಲಾಮು ಹೊಡೆಯಲು ಬೀದಿಗೆ ಓಡಿದ.

ಬೆಳಕು ಹೋಯಿತು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಗಾಳಿಗಿರಬೇಕು ಎಂದುಕೊಂಡ. ಮರುಕ್ಷಣ ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು.

ಗಾಳಿ ಚಿಲಕ ಹಾಕುವುದಿಲ್ಲ.

ಕತ್ತಲೆಂದರೆ ಎಂಥ ಕತ್ತಲೆ! ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕೈಗೆ ಕೈ ಕಾಣದು. ಹಳೆಯ ಗಂಧಕದ ವಾಸನೆ ಈಗಷ್ಟೇ ಹೊತ್ತಿಸಿದಂತೆ ಮೂಗಿಗೆ ಬಡಿಯಿತು. ನಿಜವಾಗಿಯೂ ಹೊತ್ತಿಸಿದ್ದಾರೆಯೇ? ಬಾಗಿಲ ಸಂದಿಯಿಂದ ಬರುತ್ತಿರುವುದು ಹೊಗೆಯೇ? ಮರುಳಸಿದ್ದಯ್ಯ ಬಟ್ಟೆ ಸಮೇತ ಪುಸ್ತಕವನ್ನು ಎದೆಗವಚಿಕೊಂಡು ಬಾಗಿಲು ತಡಕಿದ. ಅಂಗೈಗೆ ಗೀರುಗಳು ಸಿಕ್ಕವು. ಅವು ಯಾರ ಉಗುರಿನವು ಎಂದು ನೆನಪಾದಾಗ ಅವನ ಬಾಯಿಂದ ಹೊರಟ ಕೂಗು ಅವನಿಗೇ ಗುರುತು ಸಿಗಲಿಲ್ಲ.

"ತೆಗೀರೋ! ಯಾರಾದ್ರೂ ತೆಗೀರೋ! ಸಾಯ್ತೀನಿ!"

ಕೂಗಿದ, ಒದ್ದ, ಅತ್ತ. ನಲವತ್ತು ದಾಟಿದ ಗಂಡಸು, ಸರ್ಕಾರದ ಸಂಬಳ ತಿನ್ನುವವನು. ನಗುವವರು ನಗಲಿ, ಅವನ ಜಾಗದಲ್ಲಿ ನಿಂತು ನಗಲಿ.

ಚಿಲಕ ಸರಿಯಿತು. ಬೆಳಕಿಗೆ ಕಣ್ಣು ಕುಕ್ಕಿತು. ಬಾಗಿಲ ತುಂಬ ಚನ್ನಮಲ್ಲಯ್ಯ ನಿಂತಿದ್ದರು. ಹಣೆಯಲ್ಲಿ ವಿಭೂತಿ, ಮೈಮೇಲೆ ಬಿಳಿಯ ಕೋಟು, ಮುಖದಲ್ಲಿ ಮರುಕ.

"ಏಮಂಡಿ ಸಿದ್ದಯ್ಯನೋರೇ, ಇದೇನು ಗತಿ? ಚಿಲಕ ಹಾಕಿತ್ತು! ಯಾರು ಹಾಕಿದ್ದು?"

"ಗೊತ್ತಿಲ್ಲ," ಎಂದ ಮರುಳಸಿದ್ದಯ್ಯ, ಗೋಡೆ ಹಿಡಿದು ನಿಲ್ಲುತ್ತ. ಅಂಗಳದಲ್ಲಿ ಯಾರೂ ಇರಲಿಲ್ಲ. ಅಡವಯ್ಯ ಇನ್ನೂ ಬೀದಿಯಲ್ಲಿ ಡ್ರೈವರಿನ ಜೊತೆ ಬೀಡಿ ಹಚ್ಚುತ್ತಿದ್ದ.

ಚನ್ನಮಲ್ಲಯ್ಯನವರ ದೃಷ್ಟಿ ಅವನ ಎದೆಯ ಮೇಲಿದ್ದ ಪುಸ್ತಕಕ್ಕೆ ಇಳಿಯಿತು. ಮುಖದ ಮರುಕ ಹಾಗೇ ಇತ್ತು, ಕಣ್ಣು ಮಾತ್ರ ಬದಲಾಯಿತು. ಹಸಿದವನು ಅನ್ನದ ತಟ್ಟೆ ನೋಡುವ ನೋಟ.

"ಇದು... ಇಲ್ಲೇ ಇತ್ತಾ?"

ಮರುಳಸಿದ್ದಯ್ಯನಿಗೆ ತಟ್ಟನೆ ಹೊಳೆಯಿತು. ಹೊಗೆ ಹೋದ ಮೇಲೆ ಕೋಣೆಯೊಳಗೆ ಬಂದ ಹೊರಗಿನವರು ಮೂವರೇ. ಸಬ್‌ಇನ್‌ಸ್ಪೆಕ್ಟರು, ಅಡವಯ್ಯ, ಇವರು. ಪುಸ್ತಕವೆಂದರೆ ಏನೆಂದು ಬಲ್ಲವರು ಇವರೊಬ್ಬರೇ. ಓಡಿಹೋಗು ಎಂದಿತು ಒಳಗಿನ ಪುಕ್ಕಲಯ್ಯ. ಓಡಲು ದಾರಿಯಿರಲಿಲ್ಲ, ದಾರಿಯಲ್ಲಿ ಅವರೇ ನಿಂತಿದ್ದರು.

"ಸಾಹುಕಾರರೇ, ಆ ದಿನ ಬೆಳಗ್ಗೆ ನೀವು ಈ ಕೋಣೆಗೆ ಬಂದಿದ್ದಿರಿ."

"ಬಂದಿದ್ದೆ. ಪರ್ವತಯ್ಯನ ತಲೆ ಕಡೆ ಹಿಡಿದು ಎತ್ತಿದ್ದೇ ನಾನು."

"ಈ ಪುಸ್ತಕವನ್ನ ಯಾರೋ ಆಗ ಇಲ್ಲಿ ತಂದಿಟ್ಟಿದ್ದಾರೆ. ಬಟ್ಟೆಯ ಬಣ್ಣ ನೋಡಿ. ಹೊಗೆ ತಾಗಿಲ್ಲ."

ಚನ್ನಮಲ್ಲಯ್ಯ ಬಿಳುಚಿದ ಕಟ್ಟುಗಳನ್ನು ನೋಡಿದರು, ಕೆಂಪು ಬಟ್ಟೆಯನ್ನು ನೋಡಿದರು. ಆಮೇಲೆ ಹೊಸ್ತಿಲ ಮೇಲೆ ನಿಧಾನವಾಗಿ ಕೂತರು. ಹೊರಗೆ ಹೋಗಬೇಕಾದರೆ ಅವರನ್ನು ದಾಟಿಯೇ ಹೋಗಬೇಕಿತ್ತು.

"ನಾನೇ ಇಟ್ಟೆ ಅಂತೀರಾ?"

ಮರುಳಸಿದ್ದಯ್ಯ ಪುಸ್ತಕವನ್ನು ಇನ್ನಷ್ಟು ಬಿಗಿಯಾಗಿ ಅವಚಿಕೊಂಡ.

"ಅಂದ್ರೆ ನಾನೇ ಕದ್ದೆ, ನಾನೇ ಕೊಂದೆ ಅಂತ. ಅಂತೇ ಕದಾ?" ಚನ್ನಮಲ್ಲಯ್ಯ ಕೈ ಎತ್ತಿ ಬಾಗಿಲ ಚಿಲಕ ಹಿಡಿದು ಆಡಿಸತೊಡಗಿದರು. ಟಕ್, ಟಕ್. "ಚೂಡಂಡಿ, ನೀವು ಒಳಗೆ ಅಷ್ಟು ಕೂಗಿದ್ರಲ್ಲ. ಬೀದಿಯಲ್ಲಿದ್ದಾಗ ನನಗೆ ಒಂಚೂರೂ ಕೇಳಿಸ್ಲಿಲ್ಲ. ಅಂಗಳಕ್ಕೆ ಬಂದ ಮೇಲೇ ಕೇಳ್ಸಿದ್ದು. ಪಾಪ, ಪರ್ವತಯ್ಯ ಎಷ್ಟು ಕೂಗಿದ್ನೋ."

ಟಕ್, ಟಕ್.

"ನಿಮ್ಮ ಮೇಲೆ ನನಗೇನೂ... ಸುಮ್ಮನೆ ಕೇಳಿದೆ," ಎಂದ ಮರುಳಸಿದ್ದಯ್ಯ. ತನ್ನ ದನಿಗೆ ತಾನೇ ನಾಚಿಕೊಂಡ.

ಚಿಲಕದ ಸದ್ದು ನಿಂತಿತು. ಚನ್ನಮಲ್ಲಯ್ಯ ದೊಡ್ಡದಾಗಿ ನಕ್ಕು ತೊಡೆ ತಟ್ಟಿದರು.

"ಭೇಷ್! ಮೈಸೂರಿಂದ ಕರೆಸಿದ್ದು ಸಾರ್ಥಕ ಆಯ್ತು. ಯೋಚ್ನೆ ಮಾಡಿ, ಯಾರು ಇಟ್ರು ಅನ್ನೋದು ಆಮೇಲೆ. ಶಂಕರಲಿಂಗ ಇಟ್ಟಿಲ್ಲ ಅನ್ನೋದು ಖಾತ್ರಿ. ಅವನು ಠಾಣೆಲಿದ್ದ. ಹೌದೋ ಅಲ್ವೋ?"

"ಹೌದು."

"ಮತ್ತೆ ಇಲ್ಲಿ ಕೂತು ನಾವೇನು ಮಾಡ್ತಿದ್ದೀವಿ? ಸಬ್‌ಇನ್‌ಸ್ಪೆಕ್ಟರು ನನ್ನ ಮಾತು ತೆಗೆದುಹಾಕೋದಿಲ್ಲ. ಈ ಕಟ್ಟು ತೋರಿಸ್ತೀನಿ, ಬಣ್ಣದ ವಿಷಯ ಹೇಳ್ತೀನಿ, ನಾನೇ ಜಾಮೀನು ನಿಂತು ಬಿಡಿಸ್ಕೊಂಡು ಬರ್ತೀನಿ. ನನ್ನ ಗೆಳೆಯನ ಮಗ ಇನ್ನೊಂದು ರಾತ್ರಿ ಆ ತಿಗಣೆ ಗೂಡಿನಲ್ಲಿ ಯಾಕೆ ಮಲಗ್ಬೇಕು?"

ಮರುಳಸಿದ್ದಯ್ಯನ ಕಣ್ಣಲ್ಲಿ ನೀರು ಬಂತು. ಹೆದರಿ ಹೆದರಿ ದಣಿದಿದ್ದ ಮನಸ್ಸು ಆ ಮಾತಿಗೆ ಮಗುವಿನಂತೆ ಒರಗಿತು. ಪುಸ್ತಕವನ್ನು ಕೊಟ್ಟುಬಿಟ್ಟ. ಚನ್ನಮಲ್ಲಯ್ಯ ಕರ್ಚೀಫಿನಿಂದ ಕೈ ಒರೆಸಿಕೊಂಡು ಅದನ್ನು ತೆಗೆದುಕೊಂಡರು. ಬಟ್ಟೆ ಸುತ್ತಿದರು, ದಾರ ಸುತ್ತಿದರು, ಎರಡು ತುದಿ ಸೇರಿಸಿ ಬಿಗಿಯಾಗಿ ಗಂಟು ಹಾಕಿದರು. ಅಡವಯ್ಯನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಕಾರು ಇದ್ದಿಲ ಹೊಗೆ ಕಾರುತ್ತ ಕೋಟೆ ಬೀದಿ ಇಳಿದುಹೋಯಿತು.

ಮರುಳಸಿದ್ದಯ್ಯ ಜಗಲಿಯ ಮೇಲೆ ಕುಸಿದು ಕೂತ. ಎದುರಿಗೆ ಏಕಶಿಲೆಯ ಬೆಟ್ಟ ಬಿಸಿಲಿಗೆ ಕಾದು ನಿಂತಿತ್ತು. ಬೆವರು ಆರುತ್ತ ಬಂದಂತೆ ತಲೆ ಕೆಲಸ ಮಾಡತೊಡಗಿತು.

ಗಂಟು. ಅವರು ಗಂಟು ಹಾಕಿದರು.

ಇಷ್ಟು ವರ್ಷ ಈ ಮನೆಗೆ ಬಂದುಹೋದರೂ ಅವರಿಗೆ ಇಲ್ಲಿನ ಕಟ್ಟು ಬರುವುದಿಲ್ಲ. ಹಾಗಾದರೆ ಪುಸ್ತಕವನ್ನು ವಾಪಸು ಇಟ್ಟವರು ಅವರಲ್ಲ. ಅದಕ್ಕೇ ಅದನ್ನು ಕಂಡು ಅಷ್ಟು ಬೆರಗಾದರು! ಛೇ, ಎಂಥ ಒಳ್ಳೆಯ ಮನುಷ್ಯನನ್ನು ಕೊಲೆಗಾರ ಎಂದುಬಿಟ್ಟಿದ್ದೆ. ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಆದರೆ ಅದು ಅರ್ಧಕ್ಕೇ ನಿಂತಿತು. ಗಂಟಿಲ್ಲದೆ ಕಟ್ಟಬಲ್ಲವರು ಈಗ ಯಾರಿದ್ದಾರೆ? ತಾನು. ಲಾಕಪ್ಪಿನಲ್ಲಿರುವ ಶಂಕರಲಿಂಗಪ್ಪ. ಮತ್ತೆ...

ಬಟ್ಟೆಯಿಂದ ಉದುರಿದ ರಾಗಿಕಾಳು ಈಗ ನೆನಪಾಯಿತು.

ಅವನು ಅಡುಗೆಮನೆಗೆ ಹೋದ. ಕರಿಬಸಮ್ಮ ಒಲೆಯ ಮುಂದೆ ಕೂತಿದ್ದರು, ಒಲೆ ಹೊತ್ತಿರಲಿಲ್ಲ. ಹಿಂದೆ ಗೋಡೆಗೆ ಒರಗಿ ರಾಗಿ ತುಂಬಿಡುವ ಮಣ್ಣಿನ ವಾಡೆ ಆಳೆತ್ತರಕ್ಕೆ ನಿಂತಿತ್ತು.

"ಅಮ್ಮ, ಆ ಪುಸ್ತಕ ಇಟ್ಟಿದ್ದು ನೀವು."

ಅವರು ಒಲೆಯ ಬೂದಿಯನ್ನು ಕಡ್ಡಿಯಿಂದ ಕೆದಕಿದರು.

"ಚಿಲಕ ಹಾಕಿದ್ದೂ ನೀವೇನಾ?"

"ನಾನೇ ಕಣಪ್ಪ."

ಮರುಳಸಿದ್ದಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಬಾಲ್ಯದಲ್ಲಿ ತನಗೆ ಮುದ್ದೆ ಕಟ್ಟಿ ಉಣ್ಣಿಸಿದ ಕೈಗಳನ್ನು ನೋಡಿದ. ಅಷ್ಟು ಭಯ ಅವನಿಗೆ ಕತ್ತಲ ಕೋಣೆಯಲ್ಲೂ ಆಗಿರಲಿಲ್ಲ.

ಬಾಗಿಲಲ್ಲಿ ಅಡವಯ್ಯನ ಧ್ವನಿ ಕೇಳಿತು. ಠಾಣೆಯಿಂದ ನಡೆದು ಬಂದವನು ಬೆವರಿಳಿಸುತ್ತ, ಹಲ್ಲು ಬಿಡುತ್ತ ನಿಂತಿದ್ದ.

"ಅಮ್ಮಾವ್ರೇ, ಬಾಯಿ ಸಿಹಿ ಮಾಡ್ರಿ! ಚಿಕ್ಕೆಜಮಾನ್ರು ಬುಡುಗಡೆ ಆದ್ರು! ಸಾವ್ಕಾರ್ರು ಜಾಮೀನು ನಿಂತ್ರು. ಸಾಹೇಬ್ರು ಬಟ್ಟೆ ಮಾತ್ರ ಸಾಕ್ಷಿಗೆ ಅಂತ ಮಡಿಕ್ಕೊಂಡ್ರು, ಪುಸ್ತಕ ನೀವೇ ಜೋಪಾನ ಮಾಡ್ರಿ ಅಂತ ಸಾವ್ಕಾರ್ರ ಕೈಗೇ ಕೊಟ್ರು."

ಕರಿಬಸಮ್ಮ ಎದ್ದು ನಿಂತರು. ಸೆರಗು ನೆಲಕ್ಕೆ ಬಿದ್ದದ್ದು ಅವರಿಗೆ ತಿಳಿಯಲಿಲ್ಲ.

"ನನ್ ಮಗ ಎಲ್ಲಿ?"

"ಸಾವ್ಕಾರ್ರ ಕಾರ್ನಾಗೆ, ಪಾವಗಡಕ್ಕೆ. ನಾಕು ದಿನ ಅಲ್ಲೇ ಇರ್ಲಿ, ಊರೋರ ಬಾಯಿಂದ ದೂರ ಅಂದ್ರು."

ಅವರು ಅಡವಯ್ಯನ ಮೇಲೆ ಕೂಗಾಡಲಿಲ್ಲ, ಅವನು ನೀರು ಕುಡಿಯಲು ಅಂಗಳಕ್ಕೆ ಇಳಿಯುವವರೆಗೂ ತಡೆದರು. ಮರುಳಸಿದ್ದಯ್ಯನ ಕಡೆ ತಿರುಗಿದರು. ಆ ನೋಟವನ್ನು ಅವನು ಸಾಯುವವರೆಗೂ ಮರೆಯುವಂತಿರಲಿಲ್ಲ.

"ಪುಸ್ತಕ ಸಿಕ್ಕಿದ್ರೆ ಆ ಸಾವ್ಕಾರ ಯಾಕೆ ಕೊಲ್ತಿದ್ದ ಸಿದ್ದ? ಸಿಕ್ಕಿರ್ಲಿಲ್ಲ. ಅದ್ಕೇ ಕೊಂದ. ಕೊಡು ಕೊಡು ಅಂತ ವರ್ಷಗಟ್ಲೆ ಪ್ರಾಣ ತಿಂದಿದ್ದ. ಇವ್ರು ಎದ್ರಿಕೊಂಡು, ಭಾನುವಾರ ಬೆಳಿಗ್ಗೆನೇ ಅದ ನನ್ ಕೈಗೆ ಕೊಟ್ಟು ರಾಗಿ ವಾಡೇಲಿ ಊತಾಕ್ಸಿದ್ರು. ನಾನು ರಾತ್ರಿ ಪೂರಾ ಮಠದಾಗೆ ಪುರಾಣ ಕೇಳಿ ಬೆಳಿಗ್ಗೆ ಬರಾಗಂಟ..."

ಸೆರಗೆತ್ತಿ ಮುಖ ಒರೆಸಿಕೊಂಡರು.

"ಎಣ ಎತ್ತುವಾಗ ನನ್ ಕಿವೀಲಿ ಅಂದ. ಪುಸ್ತಕ ಎಲ್ಲದೆ ಯೋಳು, ಇಲ್ದಿದ್ರೆ ನಿನ್ ಮಗಂಗೂ ಇದೇ ಹೊಗೆ ಅಂತ. ಕೊಟ್ರೆ ಬುಡ್ತಾನಾ? ಕೊಟ್ ಮ್ಯಾಕೆ ನಾವ್ಯಾಕೆ ಬದುಕಿರ್ಬೇಕು ಅವ್ನಿಗೆ? ಪೋಲೀಸ್ನೋರಿಗೆ ಯೋಳಿದ್ರೆ ಯಾರ್ ನಂಬ್ತಾರೆ, ಅವ್ನ ಮನೇಲೇ ಉಣ್ಣೋ ಜನ. ಅದ್ಕೇ ಪುಸ್ತಕವ ಕೋಣೇಲಿ ಮಡುಗಿದೆ, ಅರಗಿನ ಮುದ್ರೆ ಬಿತ್ತು, ಪೋಲೀಸ್ನೋರೇ ಕಾದ್ರು. ಮಗನ್ ಮ್ಯಾಲೆ ನಾನೇ ಸಾಕ್ಷಿ ಯೋಳ್ದೆ. ಅವ್ನನ್ನೂ ಪೋಲೀಸ್ನೋರೇ ಕಾದ್ರು. ನಾಳೆ ತುಮಕೂರಿಗೋದ್ರೆ ಅಲ್ಲಿ ದೊಡ್ಡ ಸಾಹೇಬ್ರ ಮುಂದೆ ಎಲ್ಲಾನೂ ಯೋಳಾನ ಅಂತಿದ್ದೆ."

ಮರುಳಸಿದ್ದಯ್ಯ ವಾಡೆಗೆ ಒರಗಿ ನಿಂತ. "ನನಗಾದರೂ ಹೇಳಬಾರದಿತ್ತೇ ಅಮ್ಮ?"

"ನೀನು ಬಂದಿದ್ದು ಅವ್ನ ಕಾರ್ನಾಗೆ. ಮಲಗ್ತಿದ್ದುದು ಅವ್ನ ಮಹಡಿ ಮ್ಯಾಲೆ. ಆ ಪುಸ್ತಕ ಹುಡುಕ್ಸಾಕೇ ನಿನ್ನ ಕರೆಸ್ದ ಅಂತ ನಿನಗೇ ಗೊತ್ತಿರ್ಲಿಲ್ಲ, ನಾನೆಂಗೆ ನಂಬ್ಲಿ? ಆದ್ರೂ ಅವ್ನ ಹಾರ್ನು ಕೇಳಿ ಓಡ್ಬಂದು ಚಿಲಕ ಹಾಕ್ದೆ. ಒಳ್ಗೆ ನೀನಿದೀಯ ಅಂತ ಗೊತ್ತಾಗ್ದೆ ಒಂಟೋಗ್ಲಿ ಅಂತ. ಒಂದ್ ಗಳಿಗೆ ಬಾಯಿ ಮುಚ್ಕೊಂಡಿದ್ರೆ ಸಾಕಾಗಿತ್ತು. ನೀನು ಕೂಕ್ಕೊಂಡೆ."

ಹೌದು, ಕೂಗಿಕೊಂಡಿದ್ದ. ಅವನ ಹೆದರಿಕೆಯೇ ಬಾಗಿಲು ತೆಗೆಸಿತ್ತು, ಅವನ ಜಾಣತನವೇ ಲಾಕಪ್ಪು ತೆಗೆಸಿತ್ತು. ಪುಸ್ತಕವನ್ನೂ ಮಗನನ್ನೂ ಅವನೇ ಕೈಯಾರೆ ಎತ್ತಿ ಆ ಕಾರಿಗೆ ಹಾಕಿದ್ದ. ಮರುಳಸಿದ್ದಯ್ಯ ಅಂಗಳಕ್ಕೆ ಓಡಿ ಹುಚ್ಚನಂತೆ ಅಡವಯ್ಯನ ಅಂಗಿ ಹಿಡಿದುಕೊಂಡ.

"ಕಾರು ಹೊರಟು ಎಷ್ಟು ಹೊತ್ತಾಯ್ತು? ಶಂಕರಲಿಂಗಪ್ಪ ಒಪ್ಪಿಕೊಂಡು ಹತ್ತಿದನಾ? ಏನಂದ? ಏನಾದರೂ ಅಂದನಾ?"

ಏನಾಗುತ್ತಿದೆಯೆಂದು ತಿಳಿಯದ ಅಡವಯ್ಯ ಇನ್ನೂ ನಗುಮುಖದಲ್ಲೇ ಇದ್ದ.

"ಏನೂ ಅನ್ಲಿಲ್ಲ ಸ್ವಾಮಿ. ಸಾವ್ಕಾರ್ರು ತಮ್ ಕೈಯಾರೆ ಒಂದ್ ಲೋಟ ಕಾಪಿ ಕುಡಿಸಿದ್ರು. ಕುಡಿದೇಟ್ಗೆ ನಿದ್ದೆ ಬಂದ್ಬುಡ್ತು ನೋಡಿ, ಪಾಪ. ನಾನೂ ಡ್ರೈವರ್ರೂ ಎತ್ಕೊಂಡೋಗೇ ಹಿಂದಿನ ಸೀಟ್ನಾಗೆ ಮಲಗ್ಸಿದ್ವಿ."